ಬಿಳಿ ಮಚ್ಚೆಯಿಂದ ಗಡ್ಡೆಯ ತನಕ



ಕೊಚ್ಚಿಯ ಹತ್ತಿರದ ಅಂಬಲಮುಗಳ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ. ಅದು ಕೆಲಸ ಶುರುಮಾಡಿದ್ದು 1966ರಲ್ಲಿ. ಅದೇ ಹೊತ್ತಿಗೆ ಅದೇ ಎರ್ನಾಕುಳಂ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಕೆಲಸವೂ ಆರಂಭವಾಯಿತು. ಪತ್ರಿಕೆಗಳ ಮುಖಪುಟದಲ್ಲಿ ಬರುವಂಥ ಕೆಲಸ ಅದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ಘಟಕದ ವೈದ್ಯರು ಮನೆಯಿಂದ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಹಳ್ಳಿಯ ಗಂಡಸರು ಹೆಂಗಸರ ಬಾಯಿ ತೆರೆಸಿ ನೋಡತೊಡಗಿದರು. ಡಾ. ಫಲಿ ಮೆಹ್ತಾ ಅವರದು ಮುಂದಾಳುತನ. ಡೆನ್ಮಾರ್ಕಿನ ಹೆಸರಾಂತ ಬಾಯಿರೋಗ ತಜ್ಞ ಯೆನ್ಸ್ ಪಿಂಡ್‌ಬೋರ್ಗ್ ಜೊತೆಗಿದ್ದರು. ದೇಶದ ಐದು ಜಿಲ್ಲೆಗಳಲ್ಲಿ 1969ರ ವೇಳೆಗೆ 50,000ಕ್ಕೂ ಹೆಚ್ಚು ಜನರ ಬಾಯಿಯನ್ನು ಅವರು ನೋಡಿ ಮುಗಿಸಿದ್ದರು. ಎರ್ನಾಕುಳಂ ಜಿಲ್ಲೆಯಲ್ಲಂತೂ 10,000ಕ್ಕೂ ಮೀರಿದ ಹಳ್ಳಿಗರನ್ನು ಹತ್ತು ವರ್ಷಗಳ ಕಾಲ ಬಿಡದೆ ಗಮನಿಸುತ್ತ ಬಂದರು.

ಹತ್ತು ವರ್ಷದ ಕೊನೆಗೆ ಅವರಿಗೆ ಗೊತ್ತಾದದ್ದು ಇದು: ಬಾಯಿಯ ಕ್ಯಾನ್ಸರ್ ಆರೋಗ್ಯವಂತ ಕೆನ್ನೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಮೂಡುವುದಿಲ್ಲ. ಅದು ಬಂದ ಜಾಗದಲ್ಲಿ ಮೊದಲೇ ಏನೋ ಒಂದು ಗುರುತು ಇತ್ತು. ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಅಥವಾ ಕೆಂಪು ನೆಲದ ಮೇಲೆ ಬಿಳಿಯ ಸಣ್ಣ ಸಣ್ಣ ಗಂಟು, ಅಥವಾ ಕೆನ್ನೆಯ ಒಳಗೆ ನಾರಿನಂತೆ ಬಿಗಿದ ಪಟ್ಟಿ. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರಿಗೆ ತಿರುಗುವುದಿಲ್ಲ, ಇದನ್ನೂ ಹೇಳಿಬಿಡಬೇಕು. ಆದರೆ ಗಂಟುಗಂಟಾದ ಮಚ್ಚೆ ಕಂಡರೆ ಎಚ್ಚರ ಬೇಕೇಬೇಕು.

ಹಾಗಾದರೆ ಆ ಮಚ್ಚೆಗೂ ಗಡ್ಡೆಗೂ ನಡುವಿನ ವರ್ಷಗಳಲ್ಲಿ ಒಳಗೆ ನಡೆಯುವುದೇನು? ಇವತ್ತಿನ ನನ್ನ ಮಾತು ಅದರ ಬಗ್ಗೆ.

ನಾಲಿಗೆಯ ತುದಿಯಿಂದ ಕೆನ್ನೆಯ ಒಳಭಾಗವನ್ನು ಒಮ್ಮೆ ಸವರಿ ನೋಡಿ. ನುಣುಪಾದ, ಒದ್ದೆಯಾದ ಆ ಪದರದ ತಳದಲ್ಲಿ ಒಂದು ಸಾಲು ಜೀವಕೋಶಗಳಿವೆ. ಒಡೆದು ಎರಡಾಗುವ ಕೆಲಸವೆಲ್ಲ ಆ ಸಾಲಿನದು. ಹುಟ್ಟಿದ ಕೋಶ ಮೇಲೇರುತ್ತ ಬಲಿಯುತ್ತದೆ, ಚಪ್ಪಟೆಯಾಗುತ್ತದೆ, ಕೊನೆಗೆ ಉದುರಿ ಎಂಜಲಿನೊಂದಿಗೆ ಹೋಗುತ್ತದೆ. ಯಾವಾಗ ಒಡೆಯಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಬಲಿಯಬೇಕು, ಯಾವಾಗ ಸಾಯಬೇಕು ಎನ್ನುವುದನ್ನು ಕೋಶ ತಾನಾಗಿ ತೀರ್ಮಾನಿಸುವುದಿಲ್ಲ. ಹೊರಗಿನಿಂದ ಅಣುಗಳ ರೂಪದಲ್ಲಿ ಸಂಕೇತ ಬರುತ್ತದೆ. ಕೋಶದ ಮೈಮೇಲಿನ ಗ್ರಾಹಕ ಎಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಒಳಗಿರುವ ಪ್ರೋಟೀನುಗಳು ಒಂದರಿಂದ ಒಂದಕ್ಕೆ ಅದನ್ನು ದಾಟಿಸಿ ಜೀನುಗಳವರೆಗೆ ಮುಟ್ಟಿಸುತ್ತವೆ.

ಇಂಥ ಸಂಕೇತಗಳಲ್ಲಿ ಮೊದಮೊದಲು ಕೈಗೆ ಸಿಕ್ಕಿದ್ದು ಎಂಜಲಿನ ಗ್ರಂಥಿಯಿಂದಲೇ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಅವು ಎಂದಿಗಿಂತ ಬೇಗ ಕಣ್ಣು ಬಿಟ್ಟವು, ಅವುಗಳ ಹಲ್ಲೂ ಬೇಗ ಹುಟ್ಟಿದವು. ಆ ಸಾರದಲ್ಲಿದ್ದ ಪ್ರೋಟೀನಿಗೆ ಎಪಿಡರ್ಮಲ್ ಬೆಳವಣಿಗೆ ಅಂಶ, ಚಿಕ್ಕದಾಗಿ ಇಜಿಎಫ್, ಎಂದು ಹೆಸರಾಯಿತು. 1986ರಲ್ಲಿ ಅವರಿಗೆ ರೀಟಾ ಲೆವಿ ಮೊಂತಾಲ್ಚಿನಿ ಅವರೊಂದಿಗೆ ನೊಬೆಲ್ ಬಂತು. ನಮ್ಮ ಎಂಜಲಿನಲ್ಲೂ ಇಜಿಎಫ್ ಇದೆ. ಬಾಯಿಯ ಗಾಯ ಬೇಗ ಮಾಯುವುದರಲ್ಲಿ ಅದಕ್ಕೂ ಪಾಲಿದೆ.

ಇಜಿಎಫ್ ಬಂದು ಕೂರುವ ಗ್ರಾಹಕವೇ ಇಜಿಎಫ್‌ಆರ್. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರುಗಳಲ್ಲಿ ಬಹುಪಾಲು ಗಡ್ಡೆಗಳ ಕೋಶಗಳು ಈ ಗ್ರಾಹಕವನ್ನು ಅಳತೆ ಮೀರಿ ಹೊತ್ತಿರುತ್ತವೆ. ಮನೆಯ ಕರೆಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದಲ್ಲ, ಹಾಗೆಯೇ ಇಲ್ಲಿ ‘ಒಡೆ, ಬೆಳೆ’ ಎಂಬ ಸಂಕೇತ ನಿಲ್ಲುವುದಿಲ್ಲ. ಅದು ರಾಸ್ ಎಂಬ ಪ್ರೋಟೀನಿನ ದಾರಿ ಹಿಡಿದು ಕೋಶವನ್ನು ಒಡೆಯಲು ಹಚ್ಚುತ್ತದೆ. ಎಕೆಟಿ ಎಂಬ ಇನ್ನೊಂದು ದಾರಿ ಹಿಡಿದು ಸಾಯಬೇಕಾದ ಕೋಶವನ್ನು ಸಾಯದಂತೆ ತಡೆಯುತ್ತದೆ. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನುಗಳು ಡಿಎನ್‌ಎಯನ್ನು ಕೆಡಿಸುವುದಷ್ಟೇ ಅಲ್ಲ, ಈ ಎಕೆಟಿ ದಾರಿಯನ್ನೂ ಚಾಲೂ ಮಾಡುತ್ತವೆ. ಕೆಟ್ಟ ಕೋಶವನ್ನು ಹುಟ್ಟಿಸುವ ವಸ್ತುವೇ ಅದನ್ನು ಉಳಿಸುವ ಏರ್ಪಾಡನ್ನೂ ಮಾಡಿದಂತಾಯಿತು. ಹೊಗೆಸೊಪ್ಪು ಇಷ್ಟು ಅಪಾಯಕಾರಿ ಆಗಿರುವುದಕ್ಕೆ ಈ ಇಬ್ಬಗೆಯ ಕೆಲಸವೂ ಒಂದು ಕಾರಣ.

ಕೋಶ ಹೀಗೆ ದಾರಿ ತಪ್ಪಿದಾಗ ತಡೆಯಬೇಕಾದದ್ದು ಪಿ53 ಎಂಬ ಪ್ರೋಟೀನು. ಡಿಎನ್‌ಎ ಕೆಟ್ಟಿದೆ ಎಂದು ತಿಳಿದ ಕೂಡಲೇ ಅದು ಕೋಶವನ್ನು ತಡೆದು ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಸಾಯಿಸುತ್ತದೆ. ತಂಬಾಕಿನಿಂದ ಬಂದ ತಲೆ-ಕುತ್ತಿಗೆ ಕ್ಯಾನ್ಸರುಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಗಡ್ಡೆಗಳಲ್ಲಿ ಈ ಪಿ53ರ ಜೀನೇ ಕೆಟ್ಟಿರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಗಂಟಲಿನ ಟಾನ್ಸಿಲ್ ಭಾಗದ ಕ್ಯಾನ್ಸರ್ ಹೆಚ್ಚು. ಅಲ್ಲಿ ಪ್ಯಾಪಿಲೋಮಾ ವೈರಸ್ಸು ತನ್ನದೇ ಒಂದು ಪ್ರೋಟೀನಿನಿಂದ ಪಿ53ನ್ನು ನಾಶಮಾಡುತ್ತದೆ. ದಾರಿ ಬೇರೆ, ಮುಟ್ಟುವ ಜಾಗ ಒಂದೇ. ನಮ್ಮಲ್ಲಿ ಹೆಚ್ಚಿನದು ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯ ಕ್ಯಾನ್ಸರ್, ಅಂದರೆ ಜಗಿದ ಉಂಡೆ ಕೂರುವ ಜಾಗದ್ದೇ. ಭಾರತದ ವಿಜ್ಞಾನಿಗಳು ಆ ಸಂದಿಯ ಗಡ್ಡೆಗಳ ಜೀನುಗಳನ್ನೆಲ್ಲ ಓದಿ 2013ರಲ್ಲಿ ಪ್ರಕಟಿಸಿದರು. ಪಿ53ರ ಜೊತೆಗೆ ನಾಚ್, ಕ್ಯಾಸ್ಪೇಸ್ 8, ಫ್ಯಾಟ್ 1 ಮುಂತಾದ ಹಲವು ಜೀನುಗಳು ಅಲ್ಲಿ ಕೆಟ್ಟಿದ್ದವು. ನಾಚ್ ಎಂಬುದು ಕೋಶಕ್ಕೆ ‘ಸಾಕು, ಇನ್ನು ಬಲಿ’ ಎಂದು ಹೇಳುವ ಸಂಕೇತ. ಅದು ಕೆಟ್ಟರೆ ಕೋಶ ಬಲಿಯದೆ ಒಡೆಯುತ್ತಲೇ ಇರುತ್ತದೆ.

ಇಲ್ಲಿ ಅಡಿಕೆಯ ಮಾತು ಎತ್ತದೆ ವಿಧಿಯಿಲ್ಲ. ಕಾಸರಗೋಡು, ದಕ್ಷಿಣ ಕನ್ನಡ, ಶಿವಮೊಗ್ಗ, ಉತ್ತರ ಕನ್ನಡ, ಇಲ್ಲೆಲ್ಲ ಈ ಭಾಷಣ ಕೇಳುತ್ತಿರುವ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದಲೇ ಬಂದದ್ದು. ಮಕ್ಕಳ ಶಾಲೆಯ ಫೀಸು, ಮದುವೆಯ ಖರ್ಚು ಎಲ್ಲ ಅದೇ ಸುಲಿದ ಚಾಲಿಯಿಂದ. ದೇವರ ಮುಂದೆಯೂ ಅಡಿಕೆ, ಬಂದ ನೆಂಟರ ಮುಂದೆಯೂ ಅಡಿಕೆ. ಹಾಗಿದ್ದೂ ನಾನು ನೇರವಾಗಿ ಹೇಳುತ್ತೇನೆ, ಏಕೆಂದರೆ ಬೆಳೆಗಾರರನ್ನು ಗೌರವಿಸುವುದೆಂದರೆ ಅವರಿಂದ ವಿಷಯ ಮುಚ್ಚಿಡುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಪ್ರಕಟಿಸಿತು.

ಅಡಿಕೆಯಲ್ಲಿ ಅರೆಕೊಲಿನ್ ಎಂಬ ವಸ್ತುವಿದೆ. ಜಗಿದಾಗ ಬರುವ ಆ ಬೆಚ್ಚಗಿನ ಮೈಬೆವರು, ಆ ಉಲ್ಲಾಸ ಅದರದೇ. ಕೆನ್ನೆಯ ಒಳಗೆ ಅದು ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಏರಿಸುತ್ತದೆ. ಆ ಸಂಕೇತ ಸಿಕ್ಕ ಕೋಶಗಳು ನಾರು ನೇಯತೊಡಗುತ್ತವೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ನಾರಿನ ಎಳೆಗಳನ್ನು ಒಂದಕ್ಕೊಂದು ಕಟ್ಟುವ ಕಿಣ್ವಕ್ಕೆ ತಾಮ್ರವೇ ಆಸರೆ. ಹಾಗಾಗಿ ಒಮ್ಮೆ ನೇಯ್ದ ನಾರು ಕರಗುವುದೂ ಕಷ್ಟ. ಸುಣ್ಣ ಸೇರಿದರೆ ಪದರವನ್ನೇ ಸುಡುವ ಆಮ್ಲಜನಕದ ಕಣಗಳೂ ಹುಟ್ಟುತ್ತವೆ. ವರ್ಷಗಳು ಕಳೆದಂತೆ ಕೆನ್ನೆ ಬಿಳಿಚಿಕೊಳ್ಳುತ್ತದೆ. ಖಾರದ ಊಟ ಬಾಯಿಗಿಟ್ಟರೆ ಉರಿಯುತ್ತದೆ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಒಳಗೆ ತೂರಿಸಲಾಗದಷ್ಟು ಬಾಯಿ ಬಿಗಿಯುತ್ತದೆ. ಎರ್ನಾಕುಳಂ ಜಿಲ್ಲೆಯಲ್ಲಿ ಹೀಗೆ ಬಾಯಿ ಬಿಗಿದ 66 ಮಂದಿಯನ್ನು 17 ವರ್ಷಗಳ ಅವಧಿಯಲ್ಲಿ ನೋಡುತ್ತ ಬಂದಾಗ, ಅವರಲ್ಲಿ ಐವರಿಗೆ ಕ್ಯಾನ್ಸರ್ ಬಂತು, ನೂರಕ್ಕೆ 7.6ರ ಲೆಕ್ಕ. ಹಿಂದೆ ಬಾಯಿ ಬಿಗಿಯುವ ಈ ರೋಗ ವಯಸ್ಸಾದವರಲ್ಲಿ ಕಾಣುತ್ತಿತ್ತು. ಪೊಟ್ಟಣದ ಗುಟ್ಕಾ, ಪಾನ್ ಮಸಾಲೆ ಬಂದ ಮೇಲೆ ಕಾಲೇಜು ಹುಡುಗರ ಬಾಯಲ್ಲೂ ಕಾಣತೊಡಗಿತು. ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಆದರೆ ಅಡಿಕೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಎಂದು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ.

ಇನ್ನು ತಿರುವನಂತಪುರಕ್ಕೆ ಬರೋಣ. 1981ರಲ್ಲಿ ಅಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಆರಂಭವಾಯಿತು. ಮಂಗಳೂರಿನಿಂದ ಹೊರಡುವ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಅಲ್ಲಿಗೆ ಹೋಗಿ ಬರುವ ರೋಗಿಗಳು ನಮ್ಮ ಕಡೆಯವರಲ್ಲೂ ಇದ್ದಾರೆ. ಆ ಕೇಂದ್ರದ ಸ್ಥಾಪಕ ನಿರ್ದೇಶಕರು ಡಾ. ಎಂ. ಕೃಷ್ಣನ್ ನಾಯರ್. ಅವರೂ ಅದೇ ಕೇಂದ್ರದ ಡಾ. ಶಂಕರನಾರಾಯಣನ್ ಮತ್ತು ಸಂಗಡಿಗರೂ 1980ರ ದಶಕದಲ್ಲಿ ಕೆನಡಾದ ವಿಜ್ಞಾನಿ ಹಾನ್ಸ್ ಸ್ಟಿಚ್ ಅವರೊಂದಿಗೆ ಸೇರಿ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಕೇರಳದ ಮೀನುಗಾರರಲ್ಲಿ ಮುರುಕ್ಕಾನ್, ಅಂದರೆ ಹೊಗೆಸೊಪ್ಪು ಸೇರಿದ ಎಲೆಯಡಿಕೆ, ಜಗಿಯುವವರ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಉದುರಿ ಬಂದ ಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರು.

ಇಂಥ ಸ್ಲೈಡಿನಲ್ಲಿ ಕಾಣುವುದೇನೆಂದು ಹೇಳುತ್ತೇನೆ. ಪ್ರತಿ ಕೋಶ ತೆಳ್ಳಗೆ ಹಾಸಿದ ಹಾಳೆಯಂತೆ ಇರುತ್ತದೆ. ನಡುವೆ ಕೆನ್ನೇರಳೆ ಬಣ್ಣದ ದುಂಡನೆಯ ಕೇಂದ್ರ. ಕೆಲವು ಕೋಶಗಳಲ್ಲಿ ಆ ದೊಡ್ಡ ಚುಕ್ಕೆಯ ಪಕ್ಕದಲ್ಲಿ ಅದೇ ಬಣ್ಣದ ಇನ್ನೊಂದು ಪುಟ್ಟ ಚುಕ್ಕೆ. ಕೋಶ ಒಡೆಯುವಾಗ ತುಂಡಾಗಿ ಹೊರಗೆ ಉಳಿದುಹೋದ ವರ್ಣತಂತುವಿನ ಚೂರು ಅದು. ಜಗಿಯದವರಲ್ಲಿ ಅದು ಅಪರೂಪ, ಜಗಿಯುವವರಲ್ಲಿ ಎಷ್ಟೋ ಪಟ್ಟು ಹೆಚ್ಚು. ಕಣ್ಣಿಗೆ ಕೆನ್ನೆ ಚೆನ್ನಾಗಿಯೇ ಕಾಣುತ್ತಿದ್ದರೂ ಈ ಚುಕ್ಕೆಗಳು ಇರುತ್ತವೆ. ಜಗಿಯುವವರ ಬಾಯಲ್ಲಿ ಒಂದು ಗಡ್ಡೆ ತೆಗೆದ ಮೇಲೆ ಬೇರೆ ಕಡೆ ಇನ್ನೊಂದು ಏಳುವುದು ಏಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಮಚ್ಚೆ ಇರುವುದು ಒಂದು ಕಡೆ, ಕೆಟ್ಟಿರುವುದು ಇಡೀ ಪದರ.

ಆ ಮೀನುಗಾರರಿಗೆ ವಿಟಮಿನ್ ಎ ಕೊಟ್ಟು ನೋಡಿದರು. ವಿಟಮಿನ್ ಎ ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ ಕೋಶದ ಕೇಂದ್ರದವರೆಗೂ ಹೋಗಿ, ಅಲ್ಲಿನ ಗ್ರಾಹಕವನ್ನು ಹಿಡಿದು, ‘ಬಲಿ’ ಎಂಬ ಸಂಕೇತ ಕೊಡುತ್ತದೆ. ಅವರು ಜಗಿಯುವುದನ್ನು ಬಿಟ್ಟಿರಲಿಲ್ಲ, ಆದರೂ ಚುಕ್ಕೆಗಳು ಕಡಿಮೆಯಾದವು, ಎಷ್ಟೋ ಜನರಲ್ಲಿ ಬಿಳಿ ಮಚ್ಚೆಯೇ ಮಾಯವಾಯಿತು. ಅದೇ ಕೇಂದ್ರದವರು 160 ಮಂದಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಔಷಧವಿಲ್ಲದ ಸಪ್ಪೆ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 10 ಮಂದಿಯ ಮಚ್ಚೆ ಪೂರ್ತಿ ಹೋಯಿತು, ಬೀಟಾ ಕ್ಯಾರೊಟೀನ್ ತೆಗೆದುಕೊಂಡವರಲ್ಲಿ 33, ವಿಟಮಿನ್ ಎ ತೆಗೆದುಕೊಂಡವರಲ್ಲಿ 52. ಆದರೆ ಮಾತ್ರೆ ನಿಲ್ಲಿಸಿದ ಮೇಲೆ, ವಿಟಮಿನ್ ಎಯಿಂದ ಗುಣವಾಗಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಮಚ್ಚೆ ಮರಳಿ ಬಂತು.

ಈ ಫಲಿತಾಂಶವನ್ನು ಸೋಲು ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಯಾನ್ಸರಿನ ಹಿಂದಿನ ಹಂತದಲ್ಲಿ ಸಂಕೇತ ಬದಲಾದರೆ ಕೋಶ ಮಾತು ಕೇಳುತ್ತದೆ ಎಂಬುದನ್ನು ಬಡ ಮೀನುಗಾರರ ಕೆನ್ನೆಯ ಮೇಲೆ ಕಣ್ಣಾರೆ ತೋರಿಸಿದ ಕೆಲಸ ಅದು. ಸಂಕೇತವನ್ನು ಕೆಡಿಸುವ ಉಂಡೆ ಬಾಯಲ್ಲೇ ಕೂತಿರುವಾಗ ಮಾತ್ರೆ ಎಷ್ಟು ದಿನ ಕಾಯಬಲ್ಲದು? ಇದನ್ನು ಕೇಳಿ ಯಾರೂ ಅಂಗಡಿಯಿಂದ ವಿಟಮಿನ್ ಎ ತಂದು ನುಂಗಬೇಡಿ. ಅತಿಯಾದರೆ ಅದು ಯಕೃತ್ತಿಗೆ ಕೇಡು. ಗರ್ಭಿಣಿಯರಿಗಂತೂ ಖಂಡಿತ ಕೂಡದು, ಹೊಟ್ಟೆಯ ಮಗುವಿಗೆ ಅಂಗವೈಕಲ್ಯ ಬಂದೀತು.

ಗಡ್ಡೆ ಬೆಳೆದ ಮೇಲೆ ಸಂಕೇತವನ್ನು ತಡೆಯುವ ಔಷಧಗಳೂ ಬಂದಿವೆ. ಇಜಿಎಫ್‌ಆರ್ ಗ್ರಾಹಕವನ್ನು ಮುಚ್ಚಿಹಾಕುವ ಸೆಟುಕ್ಸಿಮ್ಯಾಬ್ ಎಂಬ ಪ್ರತಿಕಾಯವನ್ನು ವಿಕಿರಣ ಚಿಕಿತ್ಸೆಯ ಜೊತೆಗೆ ಕೊಟ್ಟಾಗ, ರೋಗಿಗಳ ಮಧ್ಯಮ ಆಯಸ್ಸು 29 ತಿಂಗಳಿಂದ 49 ತಿಂಗಳಿಗೆ ಏರಿತೆಂದು 2006ರಲ್ಲಿ ವರದಿಯಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನ ಬಯೋಕಾನ್, ಕ್ಯೂಬಾದ ವಿಜ್ಞಾನಿಗಳು ಕಂಡುಹಿಡಿದ ನಿಮೊಟುಜುಮ್ಯಾಬ್ ಎಂಬ ಅಂಥದೇ ಪ್ರತಿಕಾಯವನ್ನು ತಲೆ-ಕುತ್ತಿಗೆ ಕ್ಯಾನ್ಸರಿಗೆಂದು ಭಾರತದ ಮಾರುಕಟ್ಟೆಗೆ ತಂದಿತು. ಆದರೆ ಒಂದು ದಾರಿ ಮುಚ್ಚಿದರೆ ಗಡ್ಡೆಯ ಕೋಶ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ, ಮೇಲಾಗಿ ಬೆಲೆ ಬಡವರ ಕೈಗೆಟುಕುವಂಥದ್ದಲ್ಲ. ಈ ಬೆಲೆಯ ಪ್ರಶ್ನೆಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕೊಟ್ಟ ಉತ್ತರ ಹೆಮ್ಮೆ ಪಡುವಂಥದ್ದು. ರೋಗನಿರೋಧಕ ಕೋಶಗಳಿಗೆ ಗಡ್ಡೆ ಕಳಿಸುವ ‘ಸುಮ್ಮನಿರು’ ಎಂಬ ಸಂಕೇತವನ್ನು ತಡೆಯುವ ನಿವೊಲುಮ್ಯಾಬ್ ಔಷಧವನ್ನು, ರೂಢಿಯಲ್ಲಿರುವ 240 ಮಿಲಿಗ್ರಾಂ ಬದಲು ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆಗೆ ಕೊಟ್ಟು ನೋಡಿದರು. ರೋಗ ಉಲ್ಬಣಿಸಿದವರಲ್ಲಿ ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತು.

ಹಾಗಿದ್ದರೂ, ನೂರರಲ್ಲಿ 43 ಮಂದಿ ಒಂದು ವರ್ಷ. ಅಷ್ಟು ತಡವಾಗಿ ಬಂದವರಿಗೆ ನಾವು ಕೊಡಬಲ್ಲದ್ದು ಇಷ್ಟು. 2022ರ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷಕ್ಕೆ 1,40,000ಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿದೆ. ಅಷ್ಟೊಂದು ಜನರಿಗೆ ಔಷಧದ ಬೆನ್ನು ಹತ್ತಿ ಮುಗಿಸಲಾಗದು. ಅದಕ್ಕೇ ನಾನು ಮತ್ತೆ ಮತ್ತೆ ಆ ಹಿಂದಿನ ವರ್ಷಗಳ ಕಡೆಗೆ ಕೈತೋರಿಸುತ್ತೇನೆ. ಸಂಕೇತಗಳು ಆಗಲೇ ಕೆಡತೊಡಗಿವೆ, ಆದರೆ ಕೋಶ ಇನ್ನೂ ತನ್ನ ಜಾಗ ಬಿಟ್ಟು ಹೊರಟಿಲ್ಲ. ಆ ಹೊತ್ತಿಗೆ ಅದನ್ನು ಹಿಡಿಯಲು ಜೀನು ಓದುವ ಯಂತ್ರವೇ ಬೇಕೆಂದಿಲ್ಲ.

ತಿರುವನಂತಪುರ ಜಿಲ್ಲೆ ಇದನ್ನು ಜಗತ್ತಿಗೆ ಲೆಕ್ಕ ಸಮೇತ ತೋರಿಸಿತು. 1996ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಫ್ರಾನ್ಸಿನ ಲಿಯೋನ್‌ನಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ, ಅಲ್ಲಿನ 13 ಪಂಚಾಯತಿ ಗುಂಪುಗಳನ್ನು ಆರಿಸಿಕೊಂಡಿತು. ಏಳರಲ್ಲಿ 35 ವರ್ಷ ದಾಟಿದ 96,517 ಮಂದಿಗೆ ಬಾಯಿ ಪರೀಕ್ಷೆ. ಉಳಿದ ಆರರಲ್ಲಿ 95,356 ಮಂದಿಗೆ ಎಂದಿನ ವ್ಯವಸ್ಥೆಯೇ. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಪದವೀಧರ ಆರೋಗ್ಯ ಕಾರ್ಯಕರ್ತರು. ಮೂರು ವರ್ಷಕ್ಕೊಮ್ಮೆ ಮನೆಗೆ ಬಂದು ಬೆಳಕು ಹಿಡಿದು ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡುತ್ತಿದ್ದರು. ಸಂಶಯ ಬಂದವರನ್ನು ವೈದ್ಯರ ಹತ್ತಿರ ಕಳಿಸುತ್ತಿದ್ದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪರೀಕ್ಷೆಯಾದ ಕಡೆ 205 ಕ್ಯಾನ್ಸರ್ ಪತ್ತೆಯಾಗಿ 77 ಮಂದಿ ತೀರಿಕೊಂಡರು. ಪರೀಕ್ಷೆ ಆಗದ ಕಡೆ ಪತ್ತೆಯಾದದ್ದು 158, ತೀರಿಕೊಂಡವರು 87. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರನ್ನಷ್ಟೇ ಲೆಕ್ಕ ಹಾಕಿದರೆ ಸಾವು ನೂರಕ್ಕೆ 34ರಷ್ಟು ಇಳಿಯಿತು. ಅಭ್ಯಾಸವಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಯಾರ ಬಾಯಿಯನ್ನು ಮೊದಲು ನೋಡಬೇಕು ಎಂಬುದೂ ಸ್ಪಷ್ಟವಾಯಿತು.

ಜಗಿಯುವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಎರ್ನಾಕುಳಂ ಜಿಲ್ಲೆಯೇ ಸಾಕ್ಷಿ. ಮೆಹ್ತಾ, ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು ಎರ್ನಾಕುಳಂ ಸೇರಿ ಮೂರು ಜಿಲ್ಲೆಗಳ 36,000 ತಂಬಾಕು ಬಳಕೆದಾರರ ನಡುವೆ ಕೆಲಸ ಮಾಡಿದರು. ಎದುರು ಕೂತು ಬುದ್ಧಿ ಹೇಳಿದರು, ಸಿನಿಮಾ ತೋರಿಸಿದರು, ಭಿತ್ತಿಪತ್ರ ಅಂಟಿಸಿದರು, ಪತ್ರಿಕೆ ಮತ್ತು ಬಾನುಲಿಯನ್ನೂ ಬಳಸಿದರು. ಬಿಟ್ಟವರಲ್ಲಿ, ಕಡಿಮೆ ಮಾಡಿದವರಲ್ಲಿ ಹೊಸ ಬಿಳಿ ಮಚ್ಚೆ ಏಳುವುದು ಗಣನೀಯವಾಗಿ ತಗ್ಗಿತು. ಇದು ಪ್ರಕಟವಾದದ್ದು 1986ರಲ್ಲಿ. ಹತ್ತಾರು ವರ್ಷ ಜಗಿದ ಮೇಲೆ ಇನ್ನು ಬಿಟ್ಟೇನು ಫಲ ಎನ್ನುವ ಅಜ್ಜನಿಗೆ, ಅಜ್ಜಿಗೆ ಈ ಮಾತನ್ನು ಮನೆಯವರು ಹೇಳಬೇಕು. ಬಿಟ್ಟ ದಿನದಿಂದ ಕೆನ್ನೆಯ ತಳದ ಕೋಶಗಳ ಮೇಲೆ ಬೀಳುವ ಹೊಡೆತ ತಪ್ಪುತ್ತದೆ, ಮೇಲಿನ ಪದರ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತದೆ.

ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ನಿಲ್ಲಿ. ಹಲ್ಲುಸೆಟ್ಟು ಇದ್ದರೆ ತೆಗೆದಿಡಿ. ಬೆರಳಿನಿಂದ ಕೆನ್ನೆಯನ್ನು ಹೊರಗೆಳೆದು ಉಂಡೆ ಇಡುವ ಬದಿಯನ್ನು ಮೊದಲು ನೋಡಿ, ಆಮೇಲೆ ಇನ್ನೊಂದು ಬದಿ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು ನೋಡಿ, ನಾಲಿಗೆ ಎತ್ತಿ ಅಡಿ ನೋಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ದಂತವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಬಿಡಬೇಡಿ, ಆರಂಭದಲ್ಲಿ ನೋವಿರುವುದಿಲ್ಲ. ಚೂರು ತೆಗೆದು ಪರೀಕ್ಷೆ ಮಾಡಬೇಕೆಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ಕತ್ತಿ ಮುಟ್ಟಿಸಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಾಗೆ ಹೆದರಿ ತಡಮಾಡಿ, ಗಡ್ಡೆ ಕೆನ್ನೆ ತೂರಿದ ಮೇಲೆ ಬಂದವರನ್ನು ನಾನು ತೀರಾ ಹೆಚ್ಚು ನೋಡಿದ್ದೇನೆ.